ಪಂಢರಪುರದ ದಾರಿ ಎಷ್ಟು ಹಳೆಯದು?

ಪ್ರಶ್ನೆ: ಪ್ರತಿ ಆಷಾಢದಲ್ಲಿ ಲಕ್ಷಗಟ್ಟಲೆ ಜನ ಪಂಢರಪುರಕ್ಕೆ ನಡೆದು ಹೋಗುವುದನ್ನು ಟೀವಿಯಲ್ಲಿ ನೋಡುತ್ತೇನೆ. ಜ್ಞಾನೇಶ್ವರರ ಕಾಲದಿಂದ ಏಳುನೂರು ವರ್ಷ ಅದೇ ದಾರಿಯಲ್ಲಿ ನಡೆಯುತ್ತಿದ್ದಾರೆ ಎನ್ನುತ್ತಾರೆ. ಇದು ನಿಜವೇ? ನಾನು ಕೆಲಸದಿಂದ ನಿವೃತ್ತಳಾದವಳು, ಮರಾಠಿ ಅಷ್ಟಕ್ಕಷ್ಟೆ. ನನ್ನಂಥ ಕನ್ನಡದವಳು ಅವರ ಜೊತೆ ನಡೆಯಬಹುದೇ?
— ಓದುಗರೊಬ್ಬರು, ಧಾರವಾಡ

ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಡೆಯಬಹುದು. ಮೊಣಕಾಲು ಗಟ್ಟಿಯಿದ್ದರೆ ಬರುವ ವರ್ಷವೇ ನಡೆಯಿರಿ. ನಿಮಗಿಂತ ಹತ್ತು ವರ್ಷ ಹಿರಿಯರಾದ ಅಜ್ಜಿಯರು ತಲೆಯ ಮೇಲೆ ಹಿತ್ತಾಳೆಯ ತುಳಸಿಕಟ್ಟೆ ಹೊತ್ತು ಬಿರುಸಾಗಿ ಹೋಗುತ್ತಿರುತ್ತಾರೆ. ಭಾಷೆಯ ಅಳುಕಂತೂ ಬೇಡವೇ ಬೇಡ; ಯಾಕೆಂದು ಮುಂದೆ ಹೇಳುತ್ತೇನೆ. ಮೊದಲನೆಯ ಪ್ರಶ್ನೆಗೆ ಮಾತ್ರ ಹೌದು, ಅಲ್ಲ ಎಂದು ಒಂದು ಮಾತಿನಲ್ಲಿ ಮುಗಿಸಲು ಬರುವುದಿಲ್ಲ. ಬಾವಿ ತೋಡುವವರು ಮೇಲ್ಮಣ್ಣಿನಿಂದ ಇಳಿಯುತ್ತ ಹೋಗುವ ಹಾಗೆ ನಾವೂ ಇವತ್ತಿನ ದಾರಿಯಿಂದ ಕೆಳಗಿಳಿದು ನೋಡೋಣ.

ಸಂತ ಜ್ಞಾನೇಶ್ವರರ ಪಾದುಕೆಗಳ ಪಾಲಖಿ, ಎಂದರೆ ಪಲ್ಲಕ್ಕಿ, ಪುಣೆಯ ಹತ್ತಿರದ ಆಳಂದಿಯಿಂದ ಜ್ಯೇಷ್ಠ ಬಹುಳ ಅಷ್ಟಮಿಗೆ ಹೊರಡುತ್ತದೆ. ಸಂತ ತುಕಾರಾಮರದು ಅದರ ಹಿಂದಿನ ದಿನ ದೇಹುವಿನಿಂದ. ಎರಡೂ ಪುಣೆಯವರೆಗೆ ಬಂದು, ಅಲ್ಲಿಂದ ಬೇರೆ ಬೇರೆ ದಾರಿ ಹಿಡಿದು, ಆಷಾಢ ಶುದ್ಧ ದಶಮಿಗೆ ಪಂಢರಪುರ ಮುಟ್ಟುತ್ತವೆ. ಹೆಚ್ಚುಕಡಿಮೆ 250 ಕಿ.ಮೀ., ಸುಮಾರು ಮೂರು ವಾರ. 2021ರ ನವೆಂಬರಿನಲ್ಲಿ ಈ ಎರಡೂ ದಾರಿಗಳನ್ನು ಅಗಲವಾದ ರಾಷ್ಟ್ರೀಯ ಹೆದ್ದಾರಿ ಮಾಡುವ ಕೆಲಸಕ್ಕೆ ಪ್ರಧಾನಿ ಶಂಕುಸ್ಥಾಪನೆ ಮಾಡಿದರು. ಹೆಸರೇ ಪಾಲಖಿ ಮಾರ್ಗ, ಬದಿಯಲ್ಲಿ ನಡೆಯುವವರಿಗೆಂದೇ ಬೇರೆ ಹಾದಿ. ಲಾರಿಗಳ ನಡುವೆ ಜೀವ ಕೈಯಲ್ಲಿ ಹಿಡಿದು ನಡೆಯುತ್ತಿದ್ದವರಿಗೆ ಇದು ನಿಜವಾಗಿ ಬೇಕಿತ್ತು. ಆದರೆ ರಸ್ತೆ ಅಗಲವಾದಲ್ಲೆಲ್ಲ ಮರದ ನೆರಳು ಹೋಯಿತು, ಆ ನಷ್ಟ ಮಧ್ಯಾಹ್ನ ಹನ್ನೆರಡಕ್ಕೆ ನಡೆದವರಿಗೇ ಗೊತ್ತು. ಅಂತೂ ಕಾಲ ಕೆಳಗಿನ ನೆಲ ತೀರ ಹೊಸದು.

ಅದರ ಕೆಳಗಿನ ಪದರ ಹೈಬತಬಾಬಾ ಅವರದು. ಸಾತಾರಾ ಸೀಮೆಯ ಆರಫಳದವರು, ಗ್ವಾಲಿಯರಿನ ಶಿಂದೆ ಸರಕಾರದಲ್ಲಿ ಸೇವೆಯಲ್ಲಿದ್ದವರು. ನಾವು ಇವತ್ತು ನೋಡುವ ಜ್ಞಾನೇಶ್ವರ ಪಾಲಖಿಯ ಶಿಸ್ತು 19ನೇ ಶತಮಾನದ ಮೊದಲ ಭಾಗದಲ್ಲಿ ಅವರು ಕಟ್ಟಿಕೊಟ್ಟದ್ದು. ಯಾವ ದಿಂಡಿ (ಒಟ್ಟಿಗೆ ಹಾಡುತ್ತ ನಡೆಯುವ ತಂಡ) ಎಲ್ಲಿರಬೇಕು, ಯಾರು ಯಾರ ಹಿಂದೆ, ಎಲ್ಲಿ ವಸತಿ, ಯಾವ ಹೊತ್ತಿಗೆ ಯಾವ ಭಜನೆ, ಎಲ್ಲವೂ ದಂಡು ಸಾಗುವ ಕ್ರಮದಲ್ಲಿದೆ. ಸರದಾರರ ಚಾಕರಿ ಕಂಡ ಮನುಷ್ಯನ ಕೈಗುರುತು ಅದರಲ್ಲಿ ಕಾಣುತ್ತದೆ. ರಥದ ಮುಂದೆ 27 ದಿಂಡಿಗಳು, ಹಿಂದೆ ನೂರಾರು. ಪ್ರತಿಯೊಂದಕ್ಕೂ ಸಂಖ್ಯೆ, ಪ್ರತಿಯೊಂದರ ಜಾಗ ಕಾಯಂ.

ಇನ್ನೂ ಕೆಳಗಿಳಿದರೆ 1685. ತುಕಾರಾಮರ ಮಗ ನಾರಾಯಣ ಮಹಾರಾಜರು ಪಾದುಕೆಗಳನ್ನು ಪಲ್ಲಕ್ಕಿಯಲ್ಲಿಟ್ಟು ಪಂಢರಪುರಕ್ಕೆ ಒಯ್ಯುವುದನ್ನು ಆರಂಭಿಸಿದ್ದು ಆಗ. ಅಂದಿನ ದಿನಗಳಲ್ಲಿ ಜ್ಞಾನೇಶ್ವರ, ತುಕಾರಾಮ ಇಬ್ಬರ ಪಾದುಕೆಗಳೂ ಒಟ್ಟಿಗೆ ಹೋಗುತ್ತಿದ್ದವು. ಹಾದಿಯುದ್ದಕ್ಕೂ ಕಿವಿಗೆ ಬೀಳುವ ‘ಜ್ಞಾನಬಾ-ತುಕಾರಾಮ’ ಎಂಬ ಜೋಡಿ ಹೆಸರಿನ ಉದ್ಘೋಷದಲ್ಲಿ ಆ ಒಟ್ಟು ಪ್ರಯಾಣದ ನೆನಪು ಇನ್ನೂ ಇದೆ ಎಂದೇ ನನಗೆ ಅನಿಸುತ್ತದೆ. ಒಬ್ಬರು 13ನೇ ಶತಮಾನದವರು, ಇನ್ನೊಬ್ಬರು 17ನೇ ಶತಮಾನದವರು.

ಹಾಗಾದರೆ ಜ್ಞಾನೇಶ್ವರರ ಕಾಲಕ್ಕೆ ಏನಿತ್ತು? ಅವರ ಪಾಲಖಿಯಂತೂ ಇರಲಿಲ್ಲ, ಇರುವುದು ಹೇಗೆ? ಅವರು ಆಳಂದಿಯಲ್ಲಿ ಸಮಾಧಿಯಾದದ್ದೇ 1296ರಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ. ಆದರೆ ನಡಿಗೆ ಇತ್ತು. ವಾರಿ ಎಂದರೆ ಸರದಿ ತಪ್ಪದೆ ಹೋಗಿಬರುವುದು. ಹಾಗೆ ಹೋಗಿಬರುವವನು ವಾರಕರಿ. ತುಕಾರಾಮರ ಮನೆತನದಲ್ಲಿ ಅವರಿಗಿಂತ ಎಷ್ಟೋ ತಲೆಮಾರು ಮುಂಚಿನಿಂದ ವಾರಿ ನಡೆದುಬಂದಿತ್ತೆಂದು ಸಂಪ್ರದಾಯ ಹೇಳುತ್ತದೆ. ನಮ್ಮ ಉತ್ತರ ಕರ್ನಾಟಕದ ಊರುಗಳಲ್ಲಿ ಈಗಲೂ ‘ನಮ್ಮ ಮನ್ಯಾಗ ಪಂಢರಪುರದ ವಾರಿ ಐತ್ರೀ’ ಎನ್ನುತ್ತಾರೆ. ಹೊಲ ಇದೆ, ಬಾವಿ ಇದೆ ಎನ್ನುವ ಹಾಗೆ. ಅಪ್ಪ ಹೋಗಲಾರದ ವರ್ಷ ಮಗ ಹೋಗುತ್ತಾನೆ, ಮಗನಿಗೆ ಬಿಡುವಿಲ್ಲದಿದ್ದರೆ ಸೊಸೆ ಹೋಗುತ್ತಾಳೆ. ನೀವು ಕೇಳಿದ ಏಳುನೂರು ವರ್ಷ ಉಳಿದಿರುವುದು ಈ ಸರದಿಯಲ್ಲಿ. ಕೊರೋನಾದ 2020 ಮತ್ತು 2021ರಲ್ಲಿ ನಡಿಗೆಗೆ ಅಪ್ಪಣೆ ಸಿಗದಾಗ ಪಾದುಕೆಗಳು ಸರಕಾರಿ ಸಾರಿಗೆ ಬಸ್ಸಿನಲ್ಲಿ ಕೂತು, ಬೆರಳೆಣಿಕೆಯ ಜನರೊಂದಿಗೆ, ಏಕಾದಶಿಗೆ ಸರಿಯಾಗಿ ಹೋಗಿಬಂದವು. ದಾರಿಯಲ್ಲಿ ಹೆಚ್ಚುಕಡಿಮೆ ಕಾಲೇ ಊರಲಿಲ್ಲ, ಆದರೂ ಆ ಎರಡು ವರ್ಷ ವಾರಿ ತಪ್ಪಿತೆಂದು ವಾರಕರಿಗಳು ಲೆಕ್ಕ ಹಾಕುವುದಿಲ್ಲ.

ಬಾವಿಯ ತಳಕ್ಕೆ ಬಂದರೆ ಅಲ್ಲಿ ಕನ್ನಡದ ಕಲ್ಲು ಸಿಗುತ್ತದೆ. ಪಂಢರಪುರದ ಗುಡಿಯಲ್ಲೇ 1237ರ ಶಾಸನವೊಂದಿದೆ. ಹೊಯ್ಸಳರ ಸೋಮೇಶ್ವರನದು, ಸಂಸ್ಕೃತ ಮತ್ತು ಕನ್ನಡದಲ್ಲಿ. ಭೀಮೆಯ ದಡದ ಪಂಡರಗೆಯಲ್ಲಿ ಅರಸ ಬೀಡುಬಿಟ್ಟದ್ದನ್ನೂ ವಿಠ್ಠಲನ ಪೂಜೆಗೆ ದತ್ತಿ ಬಿಟ್ಟದ್ದನ್ನೂ ಅದು ಹೇಳುತ್ತದೆ. ಜ್ಞಾನೇಶ್ವರರು ಹುಟ್ಟುವ ಮೊದಲಿನ ಮಾತು ಇದು. ಜ್ಞಾನೇಶ್ವರರ ಹೆಸರಿನಲ್ಲಿರುವ ಒಂದು ಅಭಂಗವೂ ವಿಠ್ಠಲನನ್ನು ಕಾನಡಾ ಎಂದು, ಕರ್ನಾಟಕದವನೆಂದು ಕರೆಯುತ್ತದೆ. ಮರಾಠಿಯ ದೊಡ್ಡ ಸಂಶೋಧಕ ರಾ. ಚಿಂ. ಢೇರೆಯವರು ವಿಠ್ಠಲನ ಮೂಲವನ್ನು ದಖ್ಖನಿನ ದನಗಾಹಿ, ಕುರಿಗಾಹಿಗಳ ದೈವದಲ್ಲಿ ಹುಡುಕುತ್ತ ನಮ್ಮ ನಾಡಿನವರೆಗೂ ಬಂದರು. ಇನ್ನು ನಮ್ಮ ಹರಿದಾಸರ ಅಂಕಿತಗಳನ್ನು ನಿಮಗೆ ನೆನಪಿಸಬೇಕಾಗಿಲ್ಲ: ಪುರಂದರವಿಠಲ, ವಿಜಯವಿಠಲ, ಜಗನ್ನಾಥವಿಠಲ.

ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರು ಕಳೆದ ಶತಮಾನದ ನಡುವಿನಲ್ಲಿ ಸ್ವತಃ ಈ ದಾರಿ ನಡೆದು ಬರೆದರು. ಯಾವ ನಾಡಿನ ಜನ ಪಂಢರಿಗೆ ಹೋಗುತ್ತಾರೋ ಅದೇ ಮಹಾರಾಷ್ಟ್ರ ಎಂಬ ಅರ್ಥದ ಒಂದು ವ್ಯಾಖ್ಯೆಯನ್ನು ಅವರು ಕೊಟ್ಟಿದ್ದಾರೆ. ಅವರ ಬರಹವನ್ನು ನಾನು ತುಂಬ ಗೌರವಿಸುತ್ತೇನೆ. ಈ ಒಂದು ಮಾತನ್ನು ಮಾತ್ರ ಒಪ್ಪಲಾರೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಕಲಬುರಗಿ, ಬೀದರಿನ ಹಳ್ಳಿಗಳಿಂದ ತಲೆತಲಾಂತರದಿಂದ ನಡೆದು ಹೋದವರ ಹೆಜ್ಜೆಗಳಿಗೆ ಆ ವ್ಯಾಖ್ಯೆಯಲ್ಲಿ ಜಾಗವಿಲ್ಲ.

ಅವರ ಹಾದಿ ಆಳಂದಿಯಿಂದ ಹೊರಡುವುದಲ್ಲ, ದಕ್ಷಿಣದಿಂದ ನೇರ ಪಂಢರಪುರಕ್ಕೆ. ವಿಜಯಪುರದ ಕಡೆಯಿಂದ ನಡೆಯುವವರಿಗೆ ಪಂಢರಪುರಕ್ಕೆ ಒಂದು ದಿನದ ನಡಿಗೆಯಿರುವಾಗ ಮಂಗಳವೇಢೆ ಸಿಗುತ್ತದೆ. ಕಲಚುರಿ ಬಿಜ್ಜಳನ ಮಂಗಳವಾಡ ಇದೇ. ಬಸವಣ್ಣನವರು ಕಲ್ಯಾಣಕ್ಕೆ ಬರುವ ಮುನ್ನ ಕರಣಿಕರಾಗಿದ್ದದ್ದು ಇಲ್ಲಿಯೇ ಎಂದು ಹೇಳಿಕೆ. ಅವರಿಗಿಂತ ಸುಮಾರು ಎರಡು ಶತಮಾನ ಈಚೆ, ಇದೇ ಊರಿನಲ್ಲಿ ಗೋಡೆ ಕಟ್ಟುವ ಬಿಟ್ಟಿ ಕೆಲಸದಲ್ಲಿದ್ದಾಗ ಗೋಡೆ ಕುಸಿದು ಸಂತ ಚೋಖಾಮೇಳ ತೀರಿಕೊಂಡರು. ಮಹಾರ ಜಾತಿಯವರು, ಪಂಢರಪುರದ ಗುಡಿಯ ಒಳಗೆ ಕಾಲಿಡಲು ಬಿಡದೆ ಹೊರಗಿಟ್ಟವರು. ಸಂತ ನಾಮದೇವರು ಅವರ ಅಸ್ಥಿಗಳನ್ನು ಹುಡುಕಿ ತಂದು ಮಹಾದ್ವಾರದ ಎದುರಿಗೆ ಸಮಾಧಿ ಮಾಡಿದರೆಂದು ಕತೆ. ಇವತ್ತು ಗುಡಿಗೆ ಹೋಗುವವರು ಮೊದಲು ಅಲ್ಲಿ ಕೈಮುಗಿದೇ ಮುಂದೆ ಹೋಗುತ್ತಾರೆ. ಮಂಗಳವೇಢೆಯಲ್ಲಿ ಒಂದು ರಾತ್ರಿ ಉಳಿಯದೆ ಮುಂದೆ ಹೋಗಬೇಡಿ ಎಂದು ನಾನು ಯಾರಿಗಾದರೂ ಹೇಳುವವನೇ.

ಆಳಂದಿಯ ಮುಖ್ಯ ವಾರಿಗೂ ನಮ್ಮ ನೆಲಕ್ಕೂ ಒಂದು ಜೀವಂತ ನಂಟಿದೆ. ಚಿಕ್ಕೋಡಿ ತಾಲ್ಲೂಕಿನಲ್ಲಿ ಕೃಷ್ಣೆಯ ದಡದ ಅಂಕಲಿ ನಿಮಗೆ ಗೊತ್ತಿರಬಹುದು. ಅಲ್ಲಿಯ ಶಿತೋಳೆ ಸರಕಾರ ಮನೆತನ ಹೈಬತಬಾಬಾ ಅವರ ಕಾಲದಿಂದ ಪ್ರತಿವರ್ಷ ಎರಡು ಕುದುರೆಗಳನ್ನು ಕಳಿಸುತ್ತದೆ. ಪಾಲಖಿ ಹೊರಡುವುದಕ್ಕೆ ಹತ್ತು ಹನ್ನೆರಡು ದಿನ ಮುಂಚೆ ಕುದುರೆಗಳು ಅಂಕಲಿಯಿಂದ ಹೊರಟು ಸುಮಾರು 300 ಕಿ.ಮೀ. ನಡೆದೇ ಆಳಂದಿ ಸೇರುತ್ತವೆ. ಒಂದರ ಮೇಲೆ ಪತಾಕೆ ಹಿಡಿದ ಸವಾರ. ಇನ್ನೊಂದರ ಮೇಲೆ ಯಾರೂ ಕೂರುವುದಿಲ್ಲ, ಅದರ ಮೇಲೆ ಕೂತಿರುವವರು ಜ್ಞಾನೇಶ್ವರರು, ಮಾವುಲಿ. ಮಾವುಲಿ ಎಂದರೆ ತಾಯಿ. ದಾರಿಯಲ್ಲಿ ರಿಂಗಣ ಎಂಬುದು ನಡೆಯುತ್ತದೆ: ದೊಡ್ಡ ಬಯಲಿನಲ್ಲಿ ಜನ ದುಂಡಗೆ ನಿಲ್ಲುತ್ತಾರೆ, ಪತಾಕೆಯವರು, ತುಳಸಿ ಹೊತ್ತ ಹೆಂಗಸರು, ವೀಣೆಯವರು ಒಬ್ಬರ ಹಿಂದೊಬ್ಬರು ಸುತ್ತು ಓಡುತ್ತಾರೆ. ಕೊನೆಗೆ ಸವಾರನ ಕುದುರೆ ಬಿಡುತ್ತಾರೆ. ಅದರ ಬೆನ್ನಿಗೇ ಸವಾರನಿಲ್ಲದ ಕುದುರೆ ತನ್ನಷ್ಟಕ್ಕೆ ಓಡಿ ಬಂದು ಅದನ್ನು ಹಿಂದೆ ಹಾಕುತ್ತದೆ. ಆ ಕ್ಷಣಕ್ಕೆ ಬಯಲಿನಿಂದ ಏಳುವ ಕೂಗನ್ನು ಬರೆದು ತೋರಿಸಲು ನನ್ನಿಂದ ಆಗದು. ಕುದುರೆ ಹಾದುಹೋದೊಡನೆ ಜನ ಬಗ್ಗಿ ಗೊರಸಿನಡಿಯ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳುತ್ತಾರೆ. ಅಂಕಲಿಯ ಕುದುರೆ ತುಳಿದ ಮಣ್ಣು ಅದು. ಭಾಷೆಯ ಅಳುಕು ಬೇಡ ಎಂದದ್ದಕ್ಕೆ ಇಷ್ಟು ಸಾಕಲ್ಲವೇ?

ಈಗ ನಡಿಗೆಯ ಮಾತು. ನಾನು ಇಡೀ ವಾರಿ ನಡೆದವನಲ್ಲ, ಪುಣೆಯಿಂದ ಫಲಟಣದವರೆಗೆ ಮಾತ್ರ. ಪುಣೆಯಿಂದ ಸಾಸವಡಕ್ಕೆ ಹೋಗುವ ದಿನವೇ ಎಲ್ಲಕ್ಕಿಂತ ಕಠಿಣ. 30 ಕಿ.ಮೀ. ಮೀರುತ್ತದೆ, ನಡುವೆ ದಿವೆ ಘಾಟು. ಘಾಟು ಏರಲು ರಥಕ್ಕೆ ಹೆಚ್ಚಿನ ಎತ್ತಿನ ಜೋಡಿಗಳನ್ನು ಕಟ್ಟುತ್ತಾರೆ. ತಿರುವುಗಳಲ್ಲಿ ನಿಂತು ಕೆಳಗೆ ನೋಡಿದರೆ ಬಿಳಿ ಟೋಪಿ, ಕೇಸರಿ ಪತಾಕೆ, ಮಳೆಗೆ ತಲೆಯ ಮೇಲೆ ಹಾಕಿಕೊಂಡ ಪ್ಲಾಸ್ಟಿಕ್ ಕೊಪ್ಪೆಗಳು, ಕಣ್ಣು ಹೋದಷ್ಟು ದೂರ. ಸಾಸವಡದಲ್ಲಿ ಜ್ಞಾನೇಶ್ವರರ ತಮ್ಮ ಸೋಪಾನರ ಸಮಾಧಿ ಇದೆ, ಪಾಲಖಿ ಅಲ್ಲಿ ಎರಡು ರಾತ್ರಿ ಉಳಿಯುತ್ತದೆ, ಕಾಲಿಗೆ ಬಿಡುವು. ಮರುದಿನದ ಊರು ಜೇಜುರಿ. ನಮ್ಮ ಮೈಲಾರಲಿಂಗನೇ ಅಲ್ಲಿ ಖಂಡೋಬಾ. ಶಿವನ ಊರಿನವರು ವಿಠ್ಠಲನ ದಾರಿಯವರ ಮೇಲೆ ಭಂಡಾರ ಎರಚಿ ಬರಮಾಡಿಕೊಳ್ಳುತ್ತಾರೆ, ಬಿಳಿಯಂಗಿಗಳೆಲ್ಲ ಅರಿಸಿನವಾಗುತ್ತವೆ. ಆಮೇಲೆ ವಾಲ್ಹೆ, ನೀರಾ ನದಿ. ಪಾದುಕೆಗಳಿಗೆ ನದಿಯಲ್ಲಿ ಸ್ನಾನ ಮಾಡಿಸಿ ಲೋಣಂದಕ್ಕೆ ದಾಟುತ್ತಾರೆ. ತುಕಾರಾಮರ ದಾರಿಯಲ್ಲಿ ನಾನು ಕಾಣಬೇಕೆಂದು ಇನ್ನೂ ಆಸೆಪಡುತ್ತಿರುವುದು ಕಾಟೇವಾಡಿ. ಅಲ್ಲಿ ಅಗಸರು ಪಾಲಖಿಗೆ ಧೋತರದ ನಡೆಮುಡಿ ಹಾಸುತ್ತಾರಂತೆ, ಕುರುಬರ ಕುರಿಮಂದೆ ರಥವನ್ನು ಸುತ್ತುತ್ತದಂತೆ.

ದಿನ ಶುರುವಾಗುವುದು ನಸುಕಿನ ಮೂರಕ್ಕೆ. ಕತ್ತಲಲ್ಲೇ ಟ್ಯಾಂಕರಿನ ನೀರಿನಲ್ಲಿ ಸ್ನಾನ, ಹಣೆಗೆ ಗೋಪೀಚಂದನ ಮತ್ತು ಬುಕ್ಕಿಟ್ಟು, ಡೇರೆ ಕಿತ್ತು ಲಾರಿಗೆ. ದಿಂಡಿಯಲ್ಲಿ ಮುಂದೆ ಪತಾಕೆಯವರು, ಅವರ ಹಿಂದೆ ತಾಳದವರು, ನಡುವೆ ಮೃದಂಗ, ವೀಣೆ, ಕಡೆಗೆ ಹೆಂಗಸರು. ವೀಣೆ ಹಿಡಿದವನು ಅದನ್ನು ನೆಲಕ್ಕಿಡುವಂತಿಲ್ಲ. ದಣಿದರೆ ಇನ್ನೊಬ್ಬನ ಕೊರಳಿಗೆ ಹಾಕಿ ಕಾಲಿಗೆ ನಮಸ್ಕಾರ ಮಾಡುತ್ತಾನೆ, ಅವನೂ ತಿರುಗಿ ಮಾಡುತ್ತಾನೆ. ಇಲ್ಲಿ ಎಲ್ಲರೂ ಎಲ್ಲರ ಕಾಲಿಗೆ ಬೀಳುತ್ತಾರೆ. ಎಲ್ಲರೂ ಮಾವುಲಿ. ನಿಮ್ಮ ಹೆಸರನ್ನು ಯಾರೂ ಕೇಳುವುದಿಲ್ಲ. ‘ಮಾವುಲಿ, ನೀರು ಕುಡೀರಿ’, ‘ಮಾವುಲಿ, ಸ್ವಲ್ಪ ಸರೀರಿ’ ಇಷ್ಟು ಅರ್ಥವಾಗುವ ಮರಾಠಿ ನಿಮಗೆ ಬಂದೇ ಬರುತ್ತದೆ.

ನನ್ನನ್ನು ಅಲುಗಾಡಿಸಿದ್ದು ಸಂಜೆಯ ಸಮಾಜ ಆರತಿ. ಊರ ಹೊರಗಿನ ಬಯಲಿನಲ್ಲಿ ಪಾಲಖಿ ಇಳಿಸಿ, ನೂರಾರು ದಿಂಡಿಗಳು ಸುತ್ತ ನಿಲ್ಲುತ್ತವೆ. ಎಲ್ಲ ತಾಳಗಳೂ ಒಮ್ಮೆಗೇ ಮೊಳಗುತ್ತಿರುತ್ತವೆ. ಪಾಲಖಿಯ ಶಿಸ್ತು ನೋಡಿಕೊಳ್ಳುವ ಚೋಪದಾರ ಬೆಳ್ಳಿಯ ದಂಡ ಮೇಲೆತ್ತುತ್ತಾನೆ. ಒಂದೇ ಉಸಿರಿಗೆ ಎಲ್ಲ ನಿಂತು, ಅಷ್ಟು ದೊಡ್ಡ ಬಯಲಿನಲ್ಲಿ ಎಲ್ಲೋ ಒಂದು ಎತ್ತಿನ ಕೊರಳ ಗಂಟೆ ಕೇಳಿಸುತ್ತದೆ. ಆದರೆ ಯಾವುದಾದರೂ ದಿಂಡಿಗೆ ದೂರು ಇದ್ದರೆ ಅದು ಮಾತ್ರ ತಾಳ ನಿಲ್ಲಿಸುವುದಿಲ್ಲ. ನಮ್ಮ ಜಾಗದಲ್ಲಿ ಬೇರೆಯವರು ನುಗ್ಗಿದರು, ನೀರು ಬರಲಿಲ್ಲ, ಯಾರೋ ಬೈದರು, ಏನೇ ಇರಲಿ. ಚೋಪದಾರ ಅಲ್ಲಿಗೇ ಹೋಗಿ ಕೇಳಬೇಕು, ಮಾತು ಬಗೆಹರಿಯಬೇಕು, ಆಗಲೇ ತಾಳ ನಿಲ್ಲುತ್ತದೆ, ಆಮೇಲೆ ಆರತಿ. ಕಳೆದುಹೋದ ವಸ್ತು, ತಪ್ಪಿಸಿಕೊಂಡ ಮನುಷ್ಯರ ವಿಷಯವನ್ನೂ ಆಗಲೇ ಕೂಗಿ ಹೇಳುತ್ತಾರೆ. ಎಷ್ಟು ಸಣ್ಣ ದಿಂಡಿಯಾದರೂ ಅದರ ದೂರು ಕೇಳುವವರೆಗೆ ದೇವರ ಆರತಿ ಕಾಯುತ್ತದೆ. ಇಷ್ಟು ಜನ ಮೂರು ವಾರ ಜೊತೆಗೆ ಸಾಗುವುದು ಹೇಗೆಂದು ನನಗೆ ಆ ಸಂಜೆ ತಿಳಿಯಿತು.

ಎಲ್ಲವೂ ಸಮ ಎಂದು ಹೇಳಿ ನಿಮ್ಮನ್ನು ಕಳಿಸುವುದು ತಪ್ಪಾದೀತು. ಕರ್ವೆಯವರು ನಡೆದಾಗ ಒಂದೇ ಅಭಂಗ ಹಾಡುವ ದಿಂಡಿಯಲ್ಲಿ ಬ್ರಾಹ್ಮಣರ ಪಂಕ್ತಿ ಬೇರೆ, ಮರಾಠರ ಪಂಕ್ತಿ ಬೇರೆ ಇತ್ತು. ಅದು ಅವರನ್ನು ನೋಯಿಸಿತ್ತು. ಪಂಢರಪುರದ ಗುಡಿಯ ಬಾಗಿಲು ದಲಿತರಿಗೆ ತೆರೆದದ್ದೂ ಸಾನೆ ಗುರೂಜಿಯವರು 1947ರಲ್ಲಿ ಉಪವಾಸ ಕೂತ ಮೇಲೆ. ಚೋಖಾಮೇಳರ ಅಭಂಗಗಳನ್ನು ಶತಮಾನಗಳ ಕಾಲ ಹಾಡುತ್ತಲೇ ಅವರ ಜನರನ್ನು ಹೊರಗೆ ನಿಲ್ಲಿಸಿದ ದಾರಿ ಇದು. ದಾರಿಯನ್ನು ಪ್ರೀತಿಸುವವರು ಇದನ್ನು ಮರೆಯಬಾರದೆಂದು ನನ್ನ ಆಸೆ.

ಹೊರಡುವುದಾದರೆ ಕೆಲವು ಮಾತು. ಒಂಟಿಯಾಗಿ ಹೋಗಬೇಡಿ. ನಿಮ್ಮ ಸುತ್ತಿನ ವಿಠ್ಠಲ ಮಂದಿರದಲ್ಲಿ ವಿಚಾರಿಸಿದರೆ ಯಾವುದಾದರೂ ದಿಂಡಿಯ ಪರಿಚಯ ಸಿಗುತ್ತದೆ. ವಂತಿಗೆ ಕೊಟ್ಟು ಹೆಸರು ಬರೆಸಿದರೆ ಊಟ, ಡೇರೆ ಅವರದು, ನಿಮ್ಮ ಗಂಟು ಅವರ ಲಾರಿಯಲ್ಲಿ ಬರುತ್ತದೆ. ಹೊಸ ಚಪ್ಪಲಿ ಹಾಕಿಕೊಂಡು ಹೋಗುವುದು ದೊಡ್ಡ ತಪ್ಪು. ನಾನು ಮಾಡಿದ್ದೆ, ಎರಡನೇ ದಿನಕ್ಕೇ ಬೊಬ್ಬೆ ಬಂದವು. ಎರಡು ತಿಂಗಳು ಮುಂಚಿನಿಂದ ದಿನಕ್ಕೆ ಎಂಟು ಹತ್ತು ಕಿ.ಮೀ. ನಡೆದು ಕಾಲು ಪಳಗಿಸಿ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳು ಲಾರಿಯಲ್ಲಿ ಬೇಡ, ಸೊಂಟದ ಚೀಲದಲ್ಲಿರಲಿ. ಹೆಂಗಸರಿಗೆ ಕಷ್ಟ ಕೊಡುವುದು ಸ್ನಾನ ಮತ್ತು ಶೌಚ. ಈಚೆಗೆ ತಾತ್ಕಾಲಿಕ ಶೌಚಾಲಯಗಳನ್ನು ಹೆಚ್ಚಿಸಿದ್ದಾರೆ, ಆದರೂ ಜನ ಲಕ್ಷಗಟ್ಟಲೆ. ನಸುಕಿಗೆ ಎಲ್ಲರಿಗಿಂತ ಮೊದಲು ಏಳುವುದೇ ಉಪಾಯ. ಮೂರು ವಾರ ಆಗದಿದ್ದರೆ ಕೊನೆಯ ಮೂರು ದಿನ ನಡೆಯಿರಿ. ಪಂಢರಪುರಕ್ಕೆ ಸ್ವಲ್ಪ ಮುಂಚೆ ವಾಖರಿ ಎಂಬ ಊರಿದೆ. ಪೈಠಣದ ಏಕನಾಥರು, ತ್ರ್ಯಂಬಕೇಶ್ವರದ ನಿವೃತ್ತಿನಾಥರು, ದೂರದ ಖಾನದೇಶದಿಂದ ಮುಕ್ತಾಬಾಯಿ, ಎಲ್ಲರ ಪಾಲಖಿಗಳೂ ಅಲ್ಲಿ ಕೂಡುತ್ತವೆ. ಪಂಢರಪುರದಿಂದ ನಾಮದೇವರ ಪಾಲಖಿ ಎದುರುಗೊಳ್ಳಲು ಬರುತ್ತದೆ. ಆಳಂದಿಯ ಮಾವುಲಿ ಎಲ್ಲರನ್ನೂ ಮುಂದೆ ಬಿಟ್ಟು ಕೊನೆಗೆ ಹೊರಡುತ್ತಾರೆ. ಊರಿಗೆ ಮರಳಲು ಮಿರಜ ದಾರಿಯ ರೈಲು ಇದೆ.

ದೇವರ ದರ್ಶನದ ಬಗ್ಗೆ ಮೊದಲೇ ತಿಳಿದಿರಲಿ. ಏಕಾದಶಿಯ ಆಚೀಚೆ ವಿಠ್ಠಲನಿಗೆ ನಿದ್ದೆಯಿಲ್ಲ. ಅವನ ಮಂಚವನ್ನೇ ಮೊದಲು ಹೊರಗೆ ತೆಗೆದಿಟ್ಟು ಹಗಲೂ ರಾತ್ರಿ ಬಾಗಿಲು ತೆರೆದಿಡುತ್ತಾರೆ. ಜಾತ್ರೆ ಮುಗಿದ ಮೇಲೆ ಪ್ರಕ್ಷಾಳ ಪೂಜೆ ಮಾಡಿ, ಲಕ್ಷಾಂತರ ಕೈ ಮುಟ್ಟಿದ ಪಾದಗಳನ್ನು ನಿಂಬೆಹಣ್ಣು ಸಕ್ಕರೆ ಹಚ್ಚಿ ತಿಕ್ಕಿ, ದಣಿವಿಗೆಂದು ಕಷಾಯ ಕೊಡುತ್ತಾರೆ. ಇಷ್ಟಾದರೂ ಪಾದಮುಟ್ಟುವ ಸಾಲು ಒಂದು ದಿನ ದಾಟುವುದುಂಟು. ಎಷ್ಟೋ ವಾರಕರಿಗಳು ಆ ಸಾಲಿಗೆ ಹೋಗುವುದೇ ಇಲ್ಲ. ಇಲ್ಲಿ ಚಂದ್ರಭಾಗೆ ಎನಿಸಿಕೊಳ್ಳುವ ಭೀಮೆಯಲ್ಲಿ ಮುಳುಗಿ ಎದ್ದು, ನಾಮದೇವರ ಪಾವಟಿಗೆಗೆ ಹಣೆ ಮುಟ್ಟಿಸಿ, ತಲೆಯೆತ್ತಿ ಗುಡಿಯ ಕಳಸ ನೋಡಿ ಕೈಮುಗಿದು, ಚುರಮುರಿ ಪ್ರಸಾದದ ಗಂಟು ಕಟ್ಟಿಕೊಂಡು ಬಸ್ಸು ಹಿಡಿಯುತ್ತಾರೆ. ಬಿತ್ತಿ ಬಂದ ಹೊಲದಲ್ಲಿ ಎಡೆ ಹೊಡೆಯುವ ಹೊತ್ತಾಗಿರುತ್ತದೆ.

ಪಾಲಖಿಗಳು ಮಾತ್ರ ಬಸ್ಸು ಹತ್ತುವುದಿಲ್ಲ. ಹುಣ್ಣಿಮೆಯ ದಿನ ಗೋಪಾಳಪುರದಲ್ಲಿ ಕಾಲಾ ಪ್ರಸಾದವಾದ ಮೇಲೆ ಅದೇ ದಾರಿಯಲ್ಲಿ ಹಿಂದಿರುಗುತ್ತವೆ. ಹೋಗುವಾಗ ಮೂರು ವಾರ ಹಿಡಿದದ್ದು ಬರುವಾಗ ಅದರ ಅರ್ಧದಷ್ಟು ದಿನಗಳಲ್ಲಿ ಮುಗಿಯುತ್ತದೆ. ಆಗ ಟೀವಿಯವರು ಇರುವುದಿಲ್ಲ, ದಾರಿಬದಿಯ ಪಂಕ್ತಿಗಳೂ ಇರುವುದಿಲ್ಲ. ರಥ, ಎತ್ತು, ಕೆಲವೇ ಜನ, ಒಂದೆರಡು ತಾಳ. ಮೂರು ವಾರ ನಿಮಗೆ ಭಾರವೆನಿಸಿದರೆ, ಗದ್ದಲವೂ ಬೇಡವಾದರೆ, ಈ ಮರಳುವ ವಾರಿಯಲ್ಲಿ ನಾಲ್ಕು ದಿನ ನಡೆದು ನೋಡಿ.